ಹೊಸ ವಿಂಡೋಸ್, ಹಳೆಯ ಯಂತ್ರ: ಬೆಳೆಗಾರರು ತಿಳಿದಿರಬೇಕಾದ ಸಂಗತಿಗಳು

ಸಂಘದ ಕಚೇರಿಗೆ ಬರುವ ಸದಸ್ಯ ಬಾಂಧವರು ಕಾಫಿಯ ಧಾರಣೆ, ಅಡಿಕೆಯ ಧಾರಣೆ, ಗೊಬ್ಬರದ ದಾಸ್ತಾನು ಇವುಗಳನ್ನು ವಿಚಾರಿಸುವುದು ಮೊದಲಿನಿಂದ ಬಂದ ವಾಡಿಕೆ. ಈಚೆಗೆ ಈ ಸಾಲಿಗೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ. ಮನೆಯಲ್ಲಿರುವ ಕಂಪ್ಯೂಟರಿನ ಆಯುಷ್ಯ ಮುಗಿಯಿತಂತೆ, ಹೊಸದನ್ನು ಕೊಳ್ಳಲೇಬೇಕಂತೆ, ಇದು ನಿಜವೇ ಎಂಬುದೇ ಆ ಪ್ರಶ್ನೆ. ಒಬ್ಬೊಬ್ಬರಿಗೆ ಬಿಡಿಯಾಗಿ ಉತ್ತರ ಹೇಳುವುದಕ್ಕಿಂತ ಎಲ್ಲರಿಗೂ ಒಟ್ಟಾಗಿ ತಿಳಿಸುವುದು ಮೇಲೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಪ್ರಶ್ನೆಗೆ ಕಾರಣ ಇಷ್ಟು. ನಮ್ಮಲ್ಲಿ ಬಹುಮಂದಿ ಬಳಸುತ್ತ ಬಂದ 'ವಿಂಡೋಸ್ 10' ಎಂಬ ಆಪರೇಟಿಂಗ್ ಸಿಸ್ಟಮ್ಮಿಗೆ ಮೈಕ್ರೋಸಾಫ್ಟ್ ಕಂಪನಿಯು ಕೊಡುತ್ತಿದ್ದ ಉಚಿತ ದುರಸ್ತಿ ಸೇವೆ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ಅದರ ಜಾಗಕ್ಕೆ 'ವಿಂಡೋಸ್ 11' 2021ರ ಅಕ್ಟೋಬರ್ 5ರಂದೇ ಬಂದಿದೆ. ಆದರೆ ಹಳೆಯ ಯಂತ್ರಗಳಲ್ಲಿ ಅನೇಕವು ಈ ಹೊಸದನ್ನು ಹಾಕಿಕೊಳ್ಳಲು ಅರ್ಹವಲ್ಲ. ಹೀಗಾಗಿ ಮಾರುವವರು "ಎಲ್ಲ ಬದಲಾಯಿಸಿ" ಎನ್ನುತ್ತಾರೆ. ಅಕ್ಕಪಕ್ಕದವರು "ಏನೂ ಆಗುವುದಿಲ್ಲ, ಸುಮ್ಮನಿರಿ" ಎನ್ನುತ್ತಾರೆ. ಎರಡೂ ಮಾತು ಪೂರ್ತಿ ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಯಂತ್ರದಿಂದ ನಮಗೆ ಆಗಬೇಕಾದ ಕೆಲಸ ಏನು, ಅದರೊಳಗೆ ಇರುವ ಲೆಕ್ಕ ಯಾರದ್ದು ಎಂಬುದನ್ನು ನೋಡಿ ನಿರ್ಧರಿಸಬೇಕೇ ಹೊರತು ಭಯದಿಂದಾಗಲಿ ಉದಾಸೀನದಿಂದಾಗಲಿ ನಿರ್ಧರಿಸತಕ್ಕದ್ದಲ್ಲ.

ಆಪರೇಟಿಂಗ್ ಸಿಸ್ಟಂ ಎಂದರೇನು?

ದೊಡ್ಡ ತೋಟಗಳಲ್ಲಿ ಮಾಲೀಕರು ಪ್ರತಿಯೊಂದು ಆಳಿಗೂ ತಾವೇ ನಿಂತು ಕೆಲಸ ಹೇಳುವುದಿಲ್ಲ. ನಡುವೆ ರೈಟರು ಇರುತ್ತಾರೆ. ಯಾವ ಬ್ಲಾಕಿಗೆ ಎಷ್ಟು ಜನ, ಉಗ್ರಾಣದ ಬೀಗ ಯಾರ ಕೈಯಲ್ಲಿ, ಸ್ಪ್ರೇಯರು ಯಾರಿಗೆ ಎಂಬುದನ್ನೆಲ್ಲ ಅವರೇ ನೋಡಿಕೊಳ್ಳುತ್ತಾರೆ. ಕಂಪ್ಯೂಟರಿನಲ್ಲಿ ಆ ರೈಟರ ಕೆಲಸ ಮಾಡುವುದೇ ಆಪರೇಟಿಂಗ್ ಸಿಸ್ಟಂ. ಲೆಕ್ಕದ ತಂತ್ರಾಂಶ, ಟೈಪು ಮಾಡುವ ತಂತ್ರಾಂಶ, ಪ್ರಿಂಟರು, ಇಂಟರ್‌ನೆಟ್ ಎಲ್ಲವೂ ಅದರ ಅಪ್ಪಣೆಯಂತೆ ನಡೆಯುತ್ತವೆ. ರೈಟರು ಬದಲಾದಾಗ ತೋಟ ಅದೇ, ಆಳುಗಳು ಅವರೇ ಆಗಿದ್ದರೂ ಕೆಲವು ದಿನ ಗೊಂದಲವಾಗುತ್ತದೆ. ಕತ್ತಿ, ಗುದ್ದಲಿ ಇಟ್ಟ ಜಾಗ ಬೇರೆಯಾಗಿರುತ್ತದೆ. ಹಳೆಯ ಕೆಲಸದವರಲ್ಲಿ ಒಬ್ಬಿಬ್ಬರು ಹೊಸಬರ ಮಾತಿಗೆ ಒಗ್ಗುವುದಿಲ್ಲ. ಹೊಸ ಆಪರೇಟಿಂಗ್ ಸಿಸ್ಟಂ ಬಂದಾಗಲೂ ಆಗುವುದು ಇದೇ.

ಹಿಂದಿನ ಅನುಭವ ಏನು ಹೇಳುತ್ತದೆ?

ಹೊಸದು ಬಂದಾಗ ಗೊಣಗಾಟ ಏಳುವುದು ಇದೇ ಮೊದಲಲ್ಲ. 2001ರ ಅಕ್ಟೋಬರಿನಲ್ಲಿ ಬಂದ 'ವಿಂಡೋಸ್ ಎಕ್ಸ್‌ಪಿ' ಜನರಿಗೆ ಎಷ್ಟು ಒಗ್ಗಿತೆಂದರೆ 2014ರ ಏಪ್ರಿಲ್ 8ರಂದು ಅದರ ಸೇವೆ ನಿಂತ ಮೇಲೂ ಬಹಳ ಕಚೇರಿಗಳು ಅದನ್ನು ಬಿಡಲಿಲ್ಲ. ಕನ್ನಡಿಗರಿಗೆ ಅದರ ನೆನಪು ಇನ್ನೊಂದು ಕಾರಣಕ್ಕೂ ಇರಬೇಕು. ಅದರ ಜತೆಗೇ ಯೂನಿಕೋಡ್ ಕನ್ನಡ ಅಕ್ಷರಗಳು ಬಂದವು. ಆ ಅಕ್ಷರಶೈಲಿಗೆ ನಮ್ಮ ಮಲೆನಾಡಿನ ಹೊಳೆಯ ಹೆಸರೇ, 'ತುಂಗಾ' ಎಂದು.

2007ರ ಜನವರಿ 30ರಂದು ಸಾರ್ವಜನಿಕ ಮಾರಾಟಕ್ಕೆ ಬಂದ 'ವಿಸ್ಟಾ' ಮಾತ್ರ ಅಷ್ಟು ಒಳ್ಳೆಯ ಹೆಸರು ಪಡೆಯಲಿಲ್ಲ. ನೋಟ ಚೆಂದವಿದ್ದರೂ ಅಂದಿನ ಸಾಧಾರಣ ಯಂತ್ರಗಳಿಗೆ ಅದು ಭಾರವಾಯಿತು. ಪ್ರಿಂಟರು, ಸ್ಕ್ಯಾನರುಗಳಿಗೆ ಬೇಕಾದ ಡ್ರೈವರುಗಳು ಸಮಯಕ್ಕೆ ಸಿದ್ಧವಾಗಿರಲಿಲ್ಲ. ಹೆಜ್ಜೆಹೆಜ್ಜೆಗೂ "ಇದನ್ನು ಮಾಡಲೇ?" ಎಂದು ಅಪ್ಪಣೆ ಕೇಳುವ ಅದರ ಕ್ರಮ ಜನರಿಗೆ ಬೇಸರ ತರಿಸಿತು. 2009ರ ಅಕ್ಟೋಬರ್ 22ರಂದು ಬಂದ 'ವಿಂಡೋಸ್ 7' ಅದೇ ತಳಹದಿಯ ಮೇಲೆ ಕಟ್ಟಿದ್ದಾದರೂ ಮೆಚ್ಚುಗೆ ಗಳಿಸಿತು. ಅಷ್ಟರಲ್ಲಿ ಯಂತ್ರಗಳೂ ಬಲವಾಗಿದ್ದವು, ಡ್ರೈವರುಗಳೂ ಸಿದ್ಧವಾಗಿದ್ದವು. 2012ರ ಅಕ್ಟೋಬರ್ 26ರ 'ವಿಂಡೋಸ್ 8' ಪರದೆಯ ಮೂಲೆಯಲ್ಲಿದ್ದ ಸ್ಟಾರ್ಟ್ ಗುಂಡಿಯನ್ನೇ ತೆಗೆದುಹಾಕಿ ಬಳಕೆದಾರರನ್ನು ತಬ್ಬಿಬ್ಬು ಮಾಡಿತು. ಒಂದು ವರ್ಷ ಕಳೆಯುವುದರೊಳಗೆ, 2013ರ ಅಕ್ಟೋಬರಿನ 8.1ರಲ್ಲಿ ಆ ಗುಂಡಿಯನ್ನು ಮರಳಿ ತರಬೇಕಾಯಿತು.

2015ರ ಜುಲೈ 29ರಂದು ಬಂದ 'ವಿಂಡೋಸ್ 10' ಬಹುಕಾಲ ಬಾಳಿತು. ಆದರೂ ಅದರಲ್ಲಿ ಒಂದು ಪ್ರಸಂಗ ನಡೆದದ್ದನ್ನು ಎಲ್ಲರೂ ನೆನಪಿಡಬೇಕು. 2018ರ ಅಕ್ಟೋಬರ್ 2ರಂದು ಅದಕ್ಕೆ ದೊಡ್ಡ ಪರಿಷ್ಕರಣೆಯೊಂದನ್ನು ಬಿಡುಗಡೆ ಮಾಡಲಾಯಿತು. ಅವಸರದಿಂದ ಹಾಕಿಕೊಂಡ ಕೆಲವರ ಕಡತಗಳೇ ಅಳಿಸಿಹೋದವು. ನಾಲ್ಕೇ ದಿನಗಳಲ್ಲಿ ಕಂಪನಿಯು ಅದನ್ನು ತಡೆಹಿಡಿದು, ಸರಿಪಡಿಸಿ, ನವೆಂಬರಿನಲ್ಲಿ ಮತ್ತೆ ಬಿಟ್ಟಿತು. ಪ್ರತಿ ಇಟ್ಟುಕೊಂಡಿದ್ದವರಿಗೆ ನಷ್ಟವಾಗಲಿಲ್ಲ. ಕಾದು ನೋಡಿದವರಿಗೆ ತೊಂದರೆಯೇ ಬರಲಿಲ್ಲ.

ಈ ಕತೆ ಬೆಳೆಗಾರರಿಗೆ ಹೊಸದೇನೂ ಅಲ್ಲ. 1980ರ ದಶಕದಲ್ಲಿ 'ಕಾವೇರಿ' ಕಾಫಿ ತಳಿ ಬಂದಾಗ ಬೇಗ ಫಸಲು ಬರುತ್ತದೆ, ಗಿಡ ಗಿಡ್ಡ, ಎಲೆತುಕ್ಕು ರೋಗಕ್ಕೆ ಬಗ್ಗುವುದಿಲ್ಲ ಎಂದು ಹಲವರು ಮುಗಿಬಿದ್ದರು. ಮುಂದೆ ತುಕ್ಕು ಅದಕ್ಕೂ ತಗಲಿತು. ಹಾಗೆಂದು ಆ ತಳಿ ನಿರುಪಯೋಗಿಯೆಂದು ಹೇಳಲಾಗದು. ಹಳೆಯ ಎಸ್.795 ಇದ್ದ ಬ್ಲಾಕನ್ನು ಪೂರ್ತಿ ಕೀಳದೆ, ಒಂದು ಭಾಗದಲ್ಲಿ ಮಾತ್ರ ಹೊಸದನ್ನು ನೆಟ್ಟು ನೋಡಿದವರು ನಿಶ್ಚಿಂತೆಯಿಂದ ಇದ್ದರು.

ವಿಂಡೋಸ್ 11: ಮೆಚ್ಚಿದವರು, ಮುನಿದವರು

ವಿಂಡೋಸ್ 11ರ ಬಗ್ಗೆ ಬಳಕೆದಾರರ ಅಭಿಪ್ರಾಯ ಎರಡಾಗಿದೆ. ಹೊಸ ಯಂತ್ರದ ಜತೆಗೇ ಅದನ್ನು ಪಡೆದವರು ಸಾಮಾನ್ಯವಾಗಿ ತೃಪ್ತರು. ಬೇಗ ತೆರೆಯುತ್ತದೆ, ನೋಟ ಅಚ್ಚುಕಟ್ಟು, ಭದ್ರತೆಯ ಏರ್ಪಾಡು ಮೊದಲಿಗಿಂತ ಬಿಗಿ. ಹಳೆಯದರ ಮೇಲೆ ಹಾಕಿಕೊಂಡವರಲ್ಲಿ ದೂರುಗಳು ಹೆಚ್ಚು. ಕೆಳಗಿನ ಪಟ್ಟಿಯ ಚಿತ್ರಗಳು ಎಡಮೂಲೆ ಬಿಟ್ಟು ನಡುವಿಗೆ ಬಂದುವು. ಇದನ್ನು ಸೆಟ್ಟಿಂಗ್ಸಿನಲ್ಲಿ ಎಡಕ್ಕೆ ತರಬಹುದು. ಬಲಗುಂಡಿ ಒತ್ತಿದಾಗ ಬರುವ ಪಟ್ಟಿ ಮೊಟಕಾಗಿ, ಅರ್ಧ ಸಾಮಾನು ಇನ್ನೊಂದು ಪಟ್ಟಿಯ ಹಿಂದೆ ಅಡಗಿತು. ಕಡತವನ್ನು ಎಳೆದು ಕೆಳಪಟ್ಟಿಯ ಮೇಲೆ ಬಿಡುವ ಸೌಕರ್ಯ ಮೊದಲು ಇರಲಿಲ್ಲ, 2022ರ ಪರಿಷ್ಕರಣೆಯಲ್ಲಿ ಮರಳಿತು. ಮೊದಲ ಬಾರಿ ಸಿದ್ಧಪಡಿಸುವಾಗ ಇಂಟರ್‌ನೆಟ್ ಮತ್ತು ಕಂಪನಿಯ ಖಾತೆ ಕೇಳುವ ಕ್ರಮವಂತೂ ಸಂಪರ್ಕ ಸರಿಯಿಲ್ಲದ ಹಳ್ಳಿಗಳಲ್ಲಿ ದೊಡ್ಡ ತೊಡಕು.

ಇವೆಲ್ಲ ಅಭ್ಯಾಸದ ಮಾತು, ಒಂದೆರಡು ವಾರದಲ್ಲಿ ಕೈಗೆ ಬರುತ್ತವೆ. ನಿಜವಾದ ತಕರಾರು ಅರ್ಹತೆಯ ಕುರಿತದ್ದು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ ಜಾಗ, 'ಟಿಪಿಎಂ 2.0' ಎಂಬ ಭದ್ರತಾ ವ್ಯವಸ್ಥೆ ಮತ್ತು ಕಂಪನಿಯ ಪಟ್ಟಿಯಲ್ಲಿರುವ ಪ್ರೊಸೆಸರ್ ಇರಬೇಕು. ಇಂಟೆಲ್‌ನದಾದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರಿನದು ಅಥವಾ ಅದರ ಮೇಲಿನದು ಬೇಕು. ಆ ತಲೆಮಾರು ಮಾರುಕಟ್ಟೆಗೆ ಬಂದದ್ದು 2017ರಲ್ಲಿ. ಅದಕ್ಕೆ ಹಿಂದೆ ಕೊಂಡ ಯಂತ್ರ ಎಷ್ಟೇ ಗಟ್ಟಿಯಾಗಿದ್ದರೂ ಬಹುಪಾಲು ಹೊರಗೆ. ಹಳೆಯದಾದರೂ ಫಲ ಬಿಡುವ ಅಡಿಕೆ ಮರವನ್ನು ಕಡಿಯಿರಿ ಎಂದರೆ ಬೆಳೆಗಾರನಿಗೆ ಆಗುವ ಸಂಕಟ ಇಲ್ಲಿಯೂ ಆಗುವುದು ಸಹಜವೇ.

ಕಚೇರಿಯಲ್ಲಿ ನಾವು ಕಂಡದ್ದು

ಒಂದು ಯಂತ್ರಕ್ಕೆ ಮಾತ್ರ ಹೊಸದನ್ನು ಹಾಕಿಸಿ, ಉಳಿದವನ್ನು ಹಾಗೆಯೇ ಇಟ್ಟು ನಮ್ಮ ಸಂಘದಲ್ಲಿ ಪರೀಕ್ಷೆ ಮಾಡಿದೆವು. ಮೂರು ವಿಷಯಗಳು ಎದುರಾದವು. ಇತರ ಸಂಘಗಳಲ್ಲಿಯೂ ಹಳೆಯ ಲೆಕ್ಕವಿರುವ ಮನೆಗಳಲ್ಲಿಯೂ ಇವೇ ಎದುರಾಗುವ ಸಂಭವವಿರುವುದರಿಂದ ವಿವರವಾಗಿ ಬರೆಯುತ್ತೇವೆ.

ಮೊದಲನೆಯದು ಹಳೆಯ ಲೆಕ್ಕ. ಸಹಕಾರ ಸಂಘಗಳಲ್ಲಿ ಡಾಸ್ ಕಾಲದ ಫಾಕ್ಸ್‌ಪ್ರೊ ಲೆಕ್ಕದ ತಂತ್ರಾಂಶಗಳು ಈಗಲೂ ಅಲ್ಲಲ್ಲಿ ಉಳಿದಿವೆ. ವಿಂಡೋಸ್ 10ರ 32 ಬಿಟ್ ಆವೃತ್ತಿಯಲ್ಲಿ ಇಂಥವು ನಡೆಯುತ್ತಿದ್ದವು. ವಿಂಡೋಸ್ 11 ಇರುವುದು 64 ಬಿಟ್ಟಿನಲ್ಲಿ ಮಾತ್ರ. ಆದ್ದರಿಂದ ಡಾಸ್ ತಂತ್ರಾಂಶಗಳು ಅದರಲ್ಲಿ ನೇರವಾಗಿ ತೆರೆಯುವುದೇ ಇಲ್ಲ. 'ಡಾಸ್‌ಬಾಕ್ಸ್' ಎಂಬ ಉಚಿತ ತಂತ್ರಾಂಶದ ಮೂಲಕ ಹಲವನ್ನು ತೆರೆದು ಹಳೆಯ ವರ್ಷಗಳ ಖಾತೆ ನೋಡಬಹುದು. ಆದರೆ ನಿತ್ಯದ ಕಿರ್ದಿ ಬರೆಯಲು ಅದನ್ನು ನಂಬಿ ಕೂರುವುದು ಜಾಣತನವಲ್ಲ. ಹಳೆಯ ಯಂತ್ರವೊಂದನ್ನು ಇಂಟರ್‌ನೆಟ್ಟಿಗೆ ಜೋಡಿಸದೆ ಹಳೆಯ ಲೆಡ್ಜರಿಗೆಂದೇ ಮೀಸಲಿಡುವ ದಾರಿಯನ್ನು ನಾವು ಹಿಡಿದಿದ್ದೇವೆ.

ಎರಡನೆಯದು ಪ್ರಿಂಟರು. ಪಟ್ಟಿ, ರಶೀದಿಗಳನ್ನು ಕಾರ್ಬನ್ ಪ್ರತಿಯೊಂದಿಗೆ ಮುದ್ರಿಸಲು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಸಮನಾದುದು ಇಲ್ಲ. ಆದರೆ ಹಳೆಯ ಪ್ರಿಂಟರಿನ ಅಗಲವಾದ ಪ್ಯಾರಲಲ್ ಕೇಬಲ್ಲನ್ನು ಚುಚ್ಚುವ ಜಾಗ ಹೊಸ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಮಾರಾಟಗಾರರೊಬ್ಬರು ಪ್ರಿಂಟರನ್ನೇ ಬದಲಾಯಿಸಬೇಕೆಂದರು. ಯುಎಸ್‌ಬಿ ಜೋಡಣೆಯ ಕೇಬಲ್ ತಂದು, ವಿಂಡೋಸಿನಲ್ಲಿಯೇ ಇರುವ ಸಾಮಾನ್ಯ ಟೆಕ್ಸ್ಟ್ ಡ್ರೈವರನ್ನು ಆರಿಸಿದಾಗ ಅದೇ ಪ್ರಿಂಟರಿನಲ್ಲಿ ಇಂಗ್ಲಿಷ್ ಅಂಕೆ ಅಕ್ಷರಗಳ ಬಿಲ್ಲು ಬಂತು. ಆದ್ದರಿಂದ ಹೊಸ ಪ್ರಿಂಟರಿಗೆ ದುಡ್ಡು ಹಾಕುವ ಮುನ್ನ ಇದನ್ನೊಮ್ಮೆ ಪ್ರಯತ್ನಿಸಿ ನೋಡುವುದು ಒಳ್ಳೆಯದು.

ಮೂರನೆಯದು ಕನ್ನಡ. ಹತ್ತು ಹದಿನೈದು ವರ್ಷಗಳ ಹಿಂದೆ ಟೈಪು ಮಾಡಿದ ಸದಸ್ಯರ ಪಟ್ಟಿ, ಠರಾವುಗಳು, ನೋಟೀಸುಗಳು ಬಹುಮಟ್ಟಿಗೆ ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಇರುತ್ತವೆ. ಅಂಥ ಕಡತದೊಳಗೆ ನಿಜವಾಗಿ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಫಾಂಟು ಅದಕ್ಕೆ ಕನ್ನಡದ ವೇಷ ಹಾಕುತ್ತದೆ ಅಷ್ಟೆ. ಹೊಸ ಯಂತ್ರದಲ್ಲಿ ಆ ಫಾಂಟು ಇಲ್ಲದಿದ್ದರೆ ಇಡೀ ಠರಾವು ಪುಸ್ತಕ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣಿಸುತ್ತದೆ. ಇದನ್ನು ಕಂಡು ಕಡತ ಕೆಟ್ಟಿತೆಂದು ಅಳಿಸಿಬಿಡಬಾರದು. ಹಳೆಯ ಫಾಂಟನ್ನು ಹಾಕಿದರೆ ಮತ್ತೆ ಓದಲು ಬರುತ್ತದೆ. ಅನಂತರ ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ಬದಲಾಯಿಸಿ, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾರೆ ತಾಳೆ ನೋಡಿ ಇಟ್ಟುಕೊಂಡರೆ ಮುಂದೆ ಯಾವ ಯಂತ್ರ ಬಂದರೂ ಚಿಂತೆಯಿಲ್ಲ.

ಸುಮ್ಮನೆ ಇದ್ದರೆ ಏನಾಗುತ್ತದೆ?

ಸೇವೆ ನಿಂತಿತೆಂದರೆ ಯಂತ್ರ ನಿಲ್ಲುವುದಿಲ್ಲ. ನಿಲ್ಲುವುದು ರೋಗನಿರೋಧಕ ಸಿಂಪಡಣೆ. ಅಡಿಕೆಗೆ ಮಳೆಗಾಲಕ್ಕೆ ಮುಂಚೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಸೇರಿಸಿ ಬೋರ್ಡೋ ಹೊಡೆಸುವಾಗ ಮರದಲ್ಲಿ ಕೊಳೆರೋಗ ಇರುವುದಿಲ್ಲ. ರೋಗ ಕಂಡ ಮೇಲೆ ಹೊಡೆಸಿದರೆ ಉದುರಿದ ಕಾಯಿ ಮರ ಏರುವುದಿಲ್ಲ. ಕಂಪ್ಯೂಟರಿನ ಭದ್ರತಾ ಪರಿಷ್ಕರಣೆಯೂ ಹೀಗೆಯೇ.

2017ರ ಮೇ 12ರಂದು 'ವಾನಾಕ್ರೈ' ಎಂಬ ಹಾವಳಿ ಎದ್ದಿತು. ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಮೇಲ್ಪಟ್ಟ ಕಂಪ್ಯೂಟರುಗಳ ಕಡತಗಳಿಗೆ ಬೀಗ ಹಾಕಿ, ತೆರೆಯಲು ಹಣ ಕೇಳಲಾಯಿತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳನ್ನು ಮುಂದೂಡಬೇಕಾಯಿತು. ಗಮನಿಸಬೇಕಾದ ಸಂಗತಿಯೆಂದರೆ, ಅದು ನುಗ್ಗಿದ ಬಿರುಕನ್ನು ಮುಚ್ಚುವ ಪರಿಷ್ಕರಣೆ ಎರಡು ತಿಂಗಳು ಮುಂಚೆ, ಮಾರ್ಚ್ 14ರಂದೇ ಬಂದಿತ್ತು. ಹಾಕಿಕೊಂಡವರು ಉಳಿದರು. ಮುಂದಕ್ಕೆ ತಳ್ಳಿದವರೂ, ಸೇವೆ ನಿಂತ ಹಳೆಯ ಆವೃತ್ತಿಗಳನ್ನು ಬಳಸುತ್ತಿದ್ದವರೂ ಅಪಾಯಕ್ಕೆ ಒಡ್ಡಿಕೊಂಡರು.

ಮದ್ದೇ ಎಲೆ ಸುಡುವುದೂ ಉಂಟು. 2024ರ ಜುಲೈ 19ರಂದು 'ಕ್ರೌಡ್‌ಸ್ಟ್ರೈಕ್' ಎಂಬ ಭದ್ರತಾ ಕಂಪನಿಯ ತಪ್ಪು ಪರಿಷ್ಕರಣೆಯಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ಭಾರತದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ಸುಣ್ಣ ಕಡಮೆಯಾದ ಬೋರ್ಡೋ ಎಲೆ ಸುಟ್ಟಿತೆಂದು ಯಾರೂ ಸಿಂಪಡಣೆಯನ್ನೇ ಬಿಡುವುದಿಲ್ಲ, ಹದ ನೋಡಿ ಹೊಡೆಸುತ್ತಾರೆ. ಇಲ್ಲಿಯೂ ಅದೇ ನೀತಿ.

ಮುಂದಿರುವ ದಾರಿಗಳು

ಒಂದು: ಯಂತ್ರ ಅರ್ಹವಾಗಿದ್ದರೆ, ಅಸಲಿ ವಿಂಡೋಸ್ 10 ಇರುವವರಿಗೆ ವಿಂಡೋಸ್ 11 ಉಚಿತ. ಅರ್ಹವೋ ಅಲ್ಲವೋ ಎಂಬುದನ್ನು ಮೈಕ್ರೋಸಾಫ್ಟಿನ 'ಪಿಸಿ ಹೆಲ್ತ್ ಚೆಕ್' ಎಂಬ ಉಚಿತ ತಂತ್ರಾಂಶ ಹೇಳುತ್ತದೆ. ಕೆಲವು ಯಂತ್ರಗಳಲ್ಲಿ ಟಿಪಿಎಂ ಇದ್ದರೂ ಆರಿಸಿಟ್ಟಿರುತ್ತಾರೆ. ತಿಳಿದವರಿಂದ ಚಾಲೂ ಮಾಡಿಸಿದರೆ ಸಾಕಾಗಬಹುದು. ಆದ್ದರಿಂದ ಹೊಸ ಯಂತ್ರದ ಮಾತು ಈ ಪರೀಕ್ಷೆಯ ನಂತರ.

ಎರಡು: ವಿಂಡೋಸ್ 10ರಲ್ಲಿಯೇ ಇದ್ದು ವಿಸ್ತರಿತ ಭದ್ರತಾ ಸೇವೆಗೆ ಸೇರುವುದು. ಮನೆಬಳಕೆಯವರಿಗೆ ಇದು 2026ರ ಅಕ್ಟೋಬರ್ 13ರವರೆಗೆಂದು ಗೊತ್ತುಮಾಡಲಾಯಿತು. ಶುಲ್ಕ 30 ಡಾಲರ್ ಎಂದಿದ್ದರೂ, ಮೈಕ್ರೋಸಾಫ್ಟ್ ಖಾತೆಯ ಮೂಲಕ ಸೆಟ್ಟಿಂಗ್ಸಿನ ಪ್ರತಿ ಇಡುವವರಿಗೆ ಶುಲ್ಕವಿಲ್ಲದೆ ಕೊಡಲಾಯಿತು. ಸಂಸ್ಥೆಗಳಿಗೆ ಒಂದು ಯಂತ್ರಕ್ಕೆ ಮೊದಲ ವರ್ಷ 61 ಡಾಲರ್, ಅನಂತರ ವರ್ಷ ವರ್ಷಕ್ಕೂ ಇಮ್ಮಡಿ, ಹೆಚ್ಚೆಂದರೆ ಮೂರು ವರ್ಷ. ಇದು ಕಾಲ ತಳ್ಳುವ ಉಪಾಯವೇ ಹೊರತು ಪರಿಹಾರವಲ್ಲ.

ಮೂರು: ಲಿನಕ್ಸ್. ಉಬುಂಟು, ಲಿನಕ್ಸ್ ಮಿಂಟ್ ಮುಂತಾದ ಇವು ಉಚಿತ. ಹಳೆಯ ಯಂತ್ರದಲ್ಲಿಯೂ ನಡೆಯುತ್ತವೆ, ಯೂನಿಕೋಡ್ ಕನ್ನಡವೂ ಸರಿಯಾಗಿ ಬರುತ್ತದೆ. ನೆರೆಯ ಕೇರಳದ ಸರ್ಕಾರಿ ಶಾಲೆಗಳು ಬಹುಕಾಲದಿಂದ ಲಿನಕ್ಸಿನಲ್ಲಿಯೇ ಪಾಠ ನಡೆಸುತ್ತಿವೆ. ಧಾರಣೆ ನೋಡುವುದು, ಪತ್ರ ಬರೆಯುವುದು, ಚೆಕ್‌ರೋಲ್ ಲೆಕ್ಕ ಹಾಕುವುದು, ಬ್ಯಾಂಕಿನ ಜಾಲತಾಣ ತೆರೆಯುವುದು ಇಷ್ಟೇ ಕೆಲಸವಿರುವ ಸದಸ್ಯರಿಗೆ ಇದು ಧಾರಾಳವಾಗಿ ಸಾಕು. ಆದರೆ ಟ್ಯಾಲಿಯಂಥ ಲೆಕ್ಕದ ತಂತ್ರಾಂಶ ವಿಂಡೋಸಿಗಾಗಿಯೇ ಮಾಡಿದ್ದು. ಅದನ್ನು ಬಳಸುವವರಿಗೂ, ಡಿಜಿಟಲ್ ಸಹಿಯ ಟೋಕನ್ ಬಳಸುವವರಿಗೂ ತೊಡಕಾಗಬಹುದು. ಮೊದಲು ವಿಚಾರಿಸಿ ಮುಂದುವರಿಯಬೇಕು.

ನಾಲ್ಕು: ಹೊಸ ಯಂತ್ರ ಕೊಳ್ಳುವುದು. ಕೊಳ್ಳುವುದೇ ಆದರೆ ಕನಿಷ್ಠದ 4 ಜಿಬಿಗೆ ತೃಪ್ತರಾಗದೆ 8 ಜಿಬಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಇರುವುದನ್ನೇ ಕೇಳಬೇಕು. ಅರ್ಹವಾದ ಯಂತ್ರ ನಿಧಾನವೆಂಬುದೊಂದೇ ದೂರಾದರೆ, ಹಳೆಯ ಹಾರ್ಡ್ ಡಿಸ್ಕನ್ನು ತೆಗೆಸಿ ಎಸ್‌ಎಸ್‌ಡಿ ಹಾಕಿಸಿದರೆ ಹೊಸದರ ಖರ್ಚು ಉಳಿಯುವುದುಂಟು.

ಇನ್ನೊಂದು ಮಾತು. ಲೆಕ್ಕವು ಮೆಲ್ಲಗೆ ಯಂತ್ರದಿಂದ ಇಂಟರ್‌ನೆಟ್ಟಿಗೆ ಸರಿಯುತ್ತಿದೆ. 2022ರ ಜೂನಿನಲ್ಲಿ ಕೇಂದ್ರ ಸರ್ಕಾರವು 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಗಳ ಯೋಜನೆಯನ್ನು ಒಪ್ಪಿತು. ಎಲ್ಲರಿಗೂ ಒಂದೇ ತಂತ್ರಾಂಶವೆಂಬುದು ಅದರ ತಿರುಳು. ಬ್ರೌಸರಿನಲ್ಲಿ ನಡೆಯುವ ಕೆಲಸಕ್ಕೆ ಒಳಗಿನ ರೈಟರು ಯಾರೆಂಬುದು ಅಷ್ಟು ಮುಖ್ಯವಲ್ಲ. ಆದರೆ ಅಲ್ಲಿಯೂ ರೋಗ ತಗಲಿದ ಯಂತ್ರದಿಂದ ಪಾಸ್‌ವರ್ಡ್ ಕಳುವಾದೀತು.

ಬದಲಾಯಿಸುವ ಮುನ್ನ

ಪ್ರತಿ ತೆಗೆಯದೆ ಏನನ್ನೂ ಮುಟ್ಟಬಾರದು. ಎರಡು ಪ್ರತಿ ಇರಲಿ, ಒಂದು ಪೆನ್‌ಡ್ರೈವಿನಲ್ಲಿ ಮನೆಯಲ್ಲಿ, ಇನ್ನೊಂದು ಬೇರೆ ಕಟ್ಟಡದಲ್ಲಿ. ಪ್ರತಿ ತೆಗೆದರೆ ಸಾಲದು, ಇನ್ನೊಂದು ಯಂತ್ರದಲ್ಲಿ ತೆರೆದು ನೋಡಬೇಕು.

ಕಾಲ ನೋಡಬೇಕು. ಕಾಫಿ ಕುಯ್ಲು, ಅಡಿಕೆ ಕೊಯ್ಲಿನ ನಡುವೆಯೂ, ಮಾರ್ಚ್ ಲೆಕ್ಕದ ಹೊತ್ತಿನಲ್ಲಿಯೂ ಈ ಕೆಲಸ ಬೇಡ. ಆಷಾಢದ ಗಾಳಿಮಳೆಯಲ್ಲಿ ಕರೆಂಟು ಯಾವಾಗ ಹೋಗುವುದೋ ತಿಳಿಯದು. ಅರ್ಧಕ್ಕೆ ಕರೆಂಟು ಹೋದರೆ ಯಂತ್ರ ಮತ್ತೆ ತೆರೆಯದಿರುವ ಅಪಾಯವಿದೆ. ಸಂಘಗಳಿಗೆ ವಾರ್ಷಿಕ ಮಹಾಸಭೆ ಮುಗಿದು ಕುಯ್ಲು ತೊಡಗುವವರೆಗಿನ ಬಿಡುವು ಪ್ರಶಸ್ತ, ಅದೂ ಯುಪಿಎಸ್ ಇಟ್ಟುಕೊಂಡು.

ಹೊಸದು ಹಿಡಿಸದಿದ್ದರೆ ಹತ್ತು ದಿನಗಳೊಳಗೆ ಹಳೆಯದಕ್ಕೆ ಮರಳುವ ಅವಕಾಶ ಸೆಟ್ಟಿಂಗ್ಸಿನಲ್ಲಿದೆ. ಆದ್ದರಿಂದ ಆ ಹತ್ತು ದಿನಗಳಲ್ಲಿಯೇ ಪ್ರಿಂಟರು, ಲೆಕ್ಕ, ಕನ್ನಡ, ಬ್ಯಾಂಕು ಎಲ್ಲವನ್ನೂ ಒಂದೊಂದಾಗಿ ಪರೀಕ್ಷಿಸಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಬೀಗದ ಸಂಖ್ಯೆ. ಈಚಿನ ವಿಂಡೋಸ್ 11 ಯಂತ್ರಗಳಲ್ಲಿ ಒಳಗಿನ ಕಡತಗಳಿಗೆಲ್ಲ ತಾನಾಗಿಯೇ ಗೂಢಲಿಪಿಯ ಬೀಗ ಬೀಳುವುದುಂಟು. ಅದನ್ನು ತೆರೆಯುವ 48 ಅಂಕಿಗಳ ಮರುಪಡೆ ಸಂಖ್ಯೆಯು ಮೊದಲು ಸಿದ್ಧಪಡಿಸಿದವರ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಅಂಗಡಿಯ ಹುಡುಗನು ತನ್ನ ಖಾತೆಯಿಂದ ಸಿದ್ಧಪಡಿಸಿಕೊಟ್ಟಿದ್ದರೆ ನಮ್ಮ ಬೀಗದ ಕೈ ಅವನ ಜೇಬಿನಲ್ಲಿದೆ ಎಂದೇ ಅರ್ಥ. ಖಾತೆ ನಮ್ಮದೇ ಇರಬೇಕು. ಸಂಖ್ಯೆಯನ್ನು ಕಾಗದದಲ್ಲಿ ಬರೆದು ಕಬ್ಬಿಣದ ಬೀರುವಿನಲ್ಲಿ ಜಮೀನಿನ ಪತ್ರಗಳ ಜತೆಗೆ ಇಡಬೇಕು.

ಸಂಘದ ಯಂತ್ರದೊಳಗೆ ಇರುವುದು ಸದಸ್ಯರ ಷೇರು, ಸಾಲ, ಮುಂಗಡ, ಮಾರಿದ ಕಾಫಿ ಅಡಿಕೆಗಳ ತೂಕ. ಮನೆಯ ಯಂತ್ರದೊಳಗೆ ಇರುವುದು ಒಂದು ಕುಟುಂಬದ ವರ್ಷಗಟ್ಟಲೆಯ ದುಡಿಮೆಯ ಲೆಕ್ಕ. ಯಂತ್ರವನ್ನು ಕೊಂಡುಕೊಳ್ಳಬಹುದು, ಲೆಕ್ಕವನ್ನು ಕೊಂಡುಕೊಳ್ಳಲಾಗದು. ಯಂತ್ರದ ಅರ್ಹತೆ ನೋಡಿಸಲು, ಹಳೆಯ ಕನ್ನಡ ಕಡತಗಳನ್ನು ತೆರೆಸಲು ಬಯಸುವ ಸದಸ್ಯರು ಕಚೇರಿಯ ವೇಳೆಯಲ್ಲಿ ಬಂದರೆ ನಮ್ಮ ಗುಮಾಸ್ತರು ನೆರವಾಗುತ್ತಾರೆ. ಬರುವಾಗ ಖಾಲಿ ಪೆನ್‌ಡ್ರೈವೊಂದನ್ನು ಮರೆಯದೆ ತರಬೇಕಾಗಿ ವಿನಂತಿ.